ಹಿನ್ನೀರಿನ ಗದ್ದೆಗೆ ಮಣ್ಣು ತುಂಬುವ ಮುನ್ನ

ಕೇರಳದ ವೈಪೀನ್ ದ್ವೀಪದಲ್ಲಿ ಉಪ್ಪು ಸಹಿಸುವ ಪೊಕ್ಕಾಳಿ ಭತ್ತದ ಬೇಸಾಯವಿದೆ. ಮುಂಗಾರು ಮಳೆ ಗದ್ದೆಯ ಉಪ್ಪನ್ನು ತೊಳೆದ ಮೇಲೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಭತ್ತ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಸೀಗಡಿ. ತೆನೆ ಮಾತ್ರ ಕೊಯ್ದು ಬಿಟ್ಟ ಹುಲ್ಲು ಕೊಳೆತು ಸೀಗಡಿಗೆ ಆಹಾರವಾಗುತ್ತದೆ. ಸೀಗಡಿಯ ತ್ಯಾಜ್ಯ ಭತ್ತಕ್ಕೆ ಗೊಬ್ಬರವಾಗುತ್ತದೆ.

2004ರಲ್ಲಿ ಗೋಶ್ರೀ ಸೇತುವೆಗಳು ದ್ವೀಪವನ್ನು ಎರ್ನಾಕುಲಕ್ಕೆ ಜೋಡಿಸಿದವು. ಹಳ್ಳಿಗಳು ಉಪನಗರವಾಗತೊಡಗಿದವು, ನಿವೇಶನದ ಬೆಲೆ ಏರಿತು, ಕೊಯ್ಲಿಗೆ ಆಳು ಸಿಗದಾಯಿತು. ಒಬ್ಬರು ಗದ್ದೆಗೆ ಮಣ್ಣು ತುಂಬಿ ಉಬ್ಬರವಿಳಿತದ ಕಾಲುವೆ ಮುಚ್ಚಿದರೆ ನೆರೆಯವರ ಗದ್ದೆಯ ಉಪ್ಪು ಹೊರಹೋಗದು. 2008ರ ಕೇರಳ ಕಾಯಿದೆ ಇಂಥ ಭರ್ತಿಯನ್ನು ನಿರ್ಬಂಧಿಸಿದೆ.

ಅಘನಾಶಿನಿ ದಡದ ಕಗ್ಗ ಭತ್ತದ ರೈತರಿಗೂ ಇದು ಪಾಠ. ಒಡ್ಡು, ತೂಬು, ಕಾಲುವೆಗಳನ್ನು ಎಲ್ಲರೂ ಒಟ್ಟಾಗಿ ಕಾಯ್ದುಕೊಳ್ಳಬೇಕು. ಒಮ್ಮೆ ಮಣ್ಣು ತುಂಬಿದ ಗದ್ದೆಯನ್ನು ಮತ್ತೆ ಗದ್ದೆ ಮಾಡುವುದು ಬಲು ಕಷ್ಟ.