ಮಕ್ಕಳಿಗೆ ಚುಚ್ಚುಮದ್ದು, ಮನೆಗೆ ಬೇಲಿ

೧. ರೋಗದ ಸ್ವಭಾವ

ಇನ್‌ಫ್ಲುಯೆನ್ಜಾ ಜ್ವರವನ್ನು ಬರಿಯ ನೆಗಡಿಯೆಂದು ಎಣಿಸುವವರು ಅನೇಕರಿದ್ದಾರೆ. ಆದರೆ ೧೯೧೮ನೇ ಇಸವಿಯಲ್ಲಿ ಎದ್ದ ಈ ರೋಗವೇ ನಮ್ಮ ದೇಶದಲ್ಲಿ ಒಂದು ಕೋಟಿಗಿಂತ ಹೆಚ್ಚು ಜನರನ್ನು ಕೊಂದಿತೆಂಬದನ್ನು ಮರೆಯಬಾರದು. ಕೆಮ್ಮುವಾಗಲೂ ಸೀನುವಾಗಲೂ ಹೊರಡುವ ಸೂಕ್ಷ್ಮ ಹನಿಗಳಿಂದ ಇದು ಹರಡುತ್ತದೆ. ಮಕ್ಕಳು ಶಾಲೆಯಲ್ಲಿ ಒತ್ತಾಗಿ ಕೂತುಕೊಳ್ಳುವದರಿಂದಲೂ, ರೋಗಾಣುಗಳನ್ನು ದೊಡ್ಡವರಿಗಿಂತ ಹೆಚ್ಚು ದಿವಸ ಹೊರಸೂಸುವದರಿಂದಲೂ ರೋಗವು ಅವರ ಮೂಲಕ ಮನೆಯನ್ನು ಹೊಗುತ್ತದೆ. ಮಗುವು ವಾರದೊಳಗೆ ಚೇತರಿಸಿಕೊಂಡರೂ, ಅದರಿಂದ ರೋಗ ಹತ್ತಿಸಿಕೊಂಡ ಅಜ್ಜಿಯಾಗಲಿ, ಬಸುರಿಯಾಗಲಿ, ಮೊಲೆಗೂಸಾಗಲಿ ಚೇತರಿಸಿಕೊಳ್ಳದೆ ಇರಬಹುದು.

೨. ಒಂದು ದೃಷ್ಟಾಂತ

ಕೆನಡಾ ದೇಶದ ಪಶ್ಚಿಮ ಪ್ರಾಂತಗಳಲ್ಲಿ ಹಟ್ಟರೈಟರೆಂಬ ಕ್ರೈಸ್ತರು ಬೇಸಾಯ ಮಾಡಿಕೊಂಡು, ಆಸ್ತಿಯನ್ನು ಎಲ್ಲರಿಗೂ ಸೇರಿದ್ದಾಗಿಟ್ಟು, ಚಿಕ್ಕ ಗ್ರಾಮಗಳಲ್ಲಿ ಪ್ರತ್ಯೇಕವಾಗಿ ವಾಸಿಸುತ್ತಾರೆ. ೨೦೦೮ರಲ್ಲಿ ವೈದ್ಯರು ಇಂಥ ೪೯ ಗ್ರಾಮಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನಲ್ಲಿ ೩ರಿಂದ ೧೫ ವರುಷದ ಮಕ್ಕಳಿಗೆ ಇನ್‌ಫ್ಲುಯೆನ್ಜಾ ಚುಚ್ಚುಮದ್ದನ್ನೂ, ಮತ್ತೊಂದರಲ್ಲಿ ಕಾಮಾಲೆಯ ಒಂದು ಜಾತಿಯನ್ನು ತಡೆಯುವ ಚುಚ್ಚುಮದ್ದನ್ನೂ ಹಾಕಿದರು. ತರುವಾಯ, ಏನೂ ಹಾಕಿಸಿಕೊಳ್ಳದ ಮಿಕ್ಕವರನ್ನು ತಿಂಗಳುಗಟ್ಟಲೆ ಪರೀಕ್ಷಿಸಿದರು. ಅಂಥವರಲ್ಲಿ ಮೊದಲನೆಯ ಗುಂಪಿನ ನೂರರಲ್ಲಿ ಸುಮಾರು ೩ ಮಂದಿಗೆ, ಎರಡನೆಯದರ ನೂರರಲ್ಲಿ ಸುಮಾರು ೮ ಮಂದಿಗೆ ಇನ್‌ಫ್ಲುಯೆನ್ಜಾ ತಗಲಿತ್ತು. ಮಕ್ಕಳ ತೋಳಿಗೆ ಚುಚ್ಚಿದ ಸೂಜಿಯು ಮನೆಯವರನ್ನು ಕಾಯಿತು. ಆದರೆ ಅಲ್ಲಿ ನೂರು ಮಕ್ಕಳಲ್ಲಿ ಸುಮಾರು ೮೦ ಮಂದಿ ಚುಚ್ಚಿಸಿಕೊಂಡಿದ್ದರೆಂಬದನ್ನು ಗಮನಿಸಬೇಕು. ಬೇಲಿಯಲ್ಲಿ ಅಲ್ಲಲ್ಲಿ ಕಂಡಿ ಬಿಟ್ಟರೆ ದನವು ನುಗ್ಗದೆ ಇರುವದೋ?

೩. ಬಲಾತ್ಕಾರವೋ, ಭರವಸವೋ?

ಜಪಾನಿನಲ್ಲಿ ೧೯೬೨ರಿಂದ ಶಾಲೆಯ ಮಕ್ಕಳಿಗೆ ಈ ಔಷಧವನ್ನು ಹಾಕುತ್ತಿದ್ದರು. ಕೆಲವು ಕಾಲ ಕಾಯಿದೆಯ ಬಲವೂ ಇತ್ತು. ಆದರೆ ಔಷಧದಿಂದ ಕೇಡಾಯಿತೆಂಬ ಮೊಕದ್ದಮೆಗಳೂ ಅದರ ಪ್ರಯೋಜನದ ವಿಷಯವಾದ ಸಂಶಯವೂ ಹೆಚ್ಚಲಾಗಿ, ೧೯೮೭ರಲ್ಲಿ ಆ ಕಾಯಿದೆಯನ್ನು ಸಡಿಲಿಸಿ ೧೯೯೪ರಲ್ಲಿ ತೆಗೆದುಹಾಕಿದರು. ಬೇಗನೆ ಹಾಕಿಸಿಕೊಳ್ಳುವ ಮಕ್ಕಳು ಬಹು ಸ್ವಲ್ಪವಾದರು. ಕಾಯಿದೆಯು ಮಕ್ಕಳನ್ನು ಸಾಲಾಗಿ ನಿಲ್ಲಿಸಬಲ್ಲದು. ತಾಯಿತಂದೆಗಳಲ್ಲಿ ನಂಬಿಕೆಯನ್ನು ಹುಟ್ಟಿಸಲಾರದು.

೪. ಸಂಖ್ಯೆಯನ್ನು ಹೆಚ್ಚಿಸುವ ಬಗೆ

ಮೊದಲನೆಯದಾಗಿ, ಸತ್ಯವನ್ನು ಹೇಳತಕ್ಕದ್ದು. ಚುಚ್ಚುಮದ್ದಿನಿಂದಲೇ ಈ ಜ್ವರ ಬರುತ್ತದೆಂಬದು ಸುಳ್ಳು. ಅದರಲ್ಲಿ ಜೀವವುಳ್ಳ ರೋಗಾಣು ಇಲ್ಲ. ತೋಳುನೋವೂ ಒಂದೆರಡು ದಿನದ ಮೈಬಿಸಿಯೂ ಬರಬಹುದೆಂಬದನ್ನು ಮರೆಮಾಡಬಾರದು. ರೋಗಾಣು ರೂಪ ಬದಲಿಸುತ್ತಿರುವದರಿಂದ ವರುಷಕ್ಕೊಮ್ಮೆ ಹಾಕಿಸಬೇಕು. ೬ ತಿಂಗಳೊಳಗಿನ ಕೂಸಿಗೆ ಇದನ್ನು ಹಾಕುವದಿಲ್ಲ. ಆದಕಾರಣ ಸುತ್ತಲಿನವರೇ ಅದಕ್ಕೆ ಕಾವಲು.

ಎರಡನೆಯದಾಗಿ, ಹದಿಹರೆಯದವರು ವೈದ್ಯರ ಬಳಿಗೆ ಹೋಗುವದು ಅಪರೂಪ. ಔಷಧವೇ ಶಾಲೆಗೆ ಬರುವದು ಲೇಸು. ಇಂಗ್ಲೆಂಡಿನಲ್ಲಿ ೨೦೧೩ರಿಂದ ಹಂತಹಂತವಾಗಿ, ಮೂಗಿನೊಳಗೆ ಸಿಂಪಡಿಸುವ ಔಷಧವನ್ನು ಶಾಲೆಗಳಲ್ಲಿ ಕೊಡತೊಡಗಿದರು.

ಮೂರನೆಯದಾಗಿ, ಕಾಗದದಿಂದಲೋ ಟೆಲಿಫೋನಿನಿಂದಲೋ ಮನೆಯವರಿಗೆ ನೆನಪು ಕೊಟ್ಟಲ್ಲಿ ಸಂಖ್ಯೆ ಏರುತ್ತದೆಂದು ಪರೀಕ್ಷೆಗಳಿಂದ ತಿಳಿದಿದೆ.

ನಮ್ಮ ದೇಶದಲ್ಲಿ ಸರಕಾರದವರು ಎಲ್ಲಾ ಮಕ್ಕಳಿಗೆ ಹಣವಿಲ್ಲದೆ ಹಾಕುವ ಔಷಧಗಳಲ್ಲಿ ಇದು ಸೇರಿಲ್ಲ. ಆದರೆ ಮಕ್ಕಳ ವೈದ್ಯರ ಸಂಘವು ೬ ತಿಂಗಳಿಂದ ೫ ವರುಷದ ವರೆಗಿನವರಿಗೆ ವರುಷಕ್ಕೊಮ್ಮೆ ಹಾಕಿಸಬೇಕೆಂದು ಬುದ್ಧಿ ಹೇಳಿದೆ. ಹೀಗಿರಲಾಗಿ, ಹತ್ತಿರದ ವೈದ್ಯರನ್ನು ವಿಚಾರಿಸುವದು ತಾಯಿತಂದೆಗಳ ಕೆಲಸ.

ಪ್ರಶ್ನೆಗಳು: (೧) ರೋಗವು ಮಕ್ಕಳ ಮೂಲಕ ಮನೆಗೆ ಬರುವದೇಕೆ? (೨) ಹಟ್ಟರೈಟರ ಗ್ರಾಮಗಳಲ್ಲಿ ಚುಚ್ಚಿಸಿಕೊಳ್ಳದವರು ಹೇಗೆ ಉಳಿದರು? (೩) ನಿಮ್ಮ ಊರಿನ ಬೇಲಿಯಲ್ಲಿ ಕಂಡಿ ಎಲ್ಲಿದೆ? ಅದನ್ನು ಮುಚ್ಚುವವರು ಯಾರು?