ಕೂಸು ಅಂಬೆಗಾಲಿಡುವ ಮೊದಲು

ಏಳೆಂಟು ತಿಂಗಳಿಗೆ ಕೂಸು ಅಂಬೆಗಾಲಿಡಲು ಶುರು ಮಾಡುತ್ತದೆ. ಅದಕ್ಕೂ ಮೊದಲು ನೀವೇ ಮೊಣಕಾಲೂರಿ ಮನೆಯನ್ನೆಲ್ಲ ಒಮ್ಮೆ ನೋಡಿರಿ. ಕೆಳಗೆ ಬಿದ್ದ ಶೇಂಗಾ ಕಾಳು ಉಸಿರುನಾಳಕ್ಕೆ ಸಿಕ್ಕರೆ ಉಸಿರೇ ಕಟ್ಟುತ್ತದೆ. ಬಕೆಟ್‌ನಲ್ಲಿ ಗೇಣು ನೀರಿದ್ದರೂ ತಲೆಕೆಳಗಾಗಿ ಬಿದ್ದ ಕೂಸು ಏಳಲಾರದು. ಖಾಲಿ ಮಾಡಿ ಬೋರಲು ಹಾಕಿರಿ.

ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ತೋಟದವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಹೊಡೆದು ಉಳಿದ ಎಣ್ಣಿಯನ್ನು ತಂಪು ಪಾನೀಯದ ಬಾಟಲಿಗೆ ಸುರುವಿ ಹೊರಸಿನ ಕೆಳಗೆ ಇಡಬಾರದು. "ನಮ್ಮ ಮನ್ಯಾವರ ಇಡತಾರ, ಏನ ಮಾಡೂದ್ರಿ?" ಅನ್ನುತ್ತೀರಿ. ಮೂಲ ಡಬ್ಬಿಯಲ್ಲೇ, ಮನೆಯ ಹೊರಗೆ, ಕೀಲಿ ಹಾಕಿ ಇಡಲು ಅವರಿಗೆ ಹೇಳಿರಿ. ಕೂಸು ಇಬ್ಬರದೂ ಅಲ್ಲವೇ?

ಅಕಸ್ಮಾತ್ ಕೂಸು ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿರಿ, ವಿಷ ಪುಪ್ಪುಸಕ್ಕೆ ಇಳಿದೀತು. ತಕ್ಷಣ 108ಕ್ಕೆ ಫೋನ್ ಮಾಡಿ, ಎಣ್ಣಿಯ ಡಬ್ಬಿಯನ್ನೂ ಆಸ್ಪತ್ರೆಗೆ ಒಯ್ಯಿರಿ.