ಕೊಯ್ತಾ, ಕುಡಗೋಲಿಗೆ ಪವರ್ ಹ್ಯಾಮರ್: ಯಾವ ಡೈ ಹಾಕಿಸಬೇಕು?

ಬೈಲಹೊಂಗಲ, ಕಿತ್ತೂರು ಕಡೆ ಕಬ್ಬಿಗೆ ಕೊಯ್ತಾ ಬೇಕು. ಸವದತ್ತಿ, ರಾಮದುರ್ಗದ ಎರಿ ಹೊಲದಾಗ ಬಿಳಿಜೋಳಕ್ಕೆ ಕುಡಗೋಲು ಬೇಕು. ಎರಡನ್ನೂ ಬಡಿಯೋರು ನಮ್ಮ ಕಂಬಾರರೇ. ಆದರೆ ದೊಡ್ಡ ಸುತ್ತಿಗೆ ಹೊಡೆಯಲು ಜೊತೆಯಾಳು ಸಿಗೋದು ಕಷ್ಟವಾಗಿದೆ. ಹಾಗಾಗಿ ಊರ ಕಂಬಾರರ ಜೊತೆ ಸೇರಿ ಒಂದು ಪವರ್ ಹ್ಯಾಮರ್ ಹಾಕಿಸೋಣ ಅನ್ನುವ ಹುಡುಗರಿಗೆ ಈ ವಾರದ ಪಾಠ.

ಎಲ್ಲರೂ ಮೊದಲು ಕೇಳೋದು "ಎಷ್ಟು ಕೆಜಿ ಹ್ಯಾಮರ್?" ಅಂತ. ನಾನು ಕೇಳೋದು "ಡೈ ಯಾವುದು?" ಅಂತ. ಕಾದ ಕಬ್ಬಿಣಕ್ಕೆ ತಾಗೋದು ಡೈ ಮಾತ್ರ. ಡೈ ತಪ್ಪಿದರೆ ಅಲಗಿನಲ್ಲಿ ಮಡಿಕೆ ಉಳಿಯುತ್ತದೆ. ಅಂಥ ಕೊಯ್ತಾ ಕಟಾವಿನ ನಡುವೆ ಕುತ್ತಿಗೆಯಲ್ಲೇ ಮುರಿದರೆ ತುಂಡು ಹಾರೋದು ಕಡಿಯುವವರ ಕಾಲಿಗೆ.

ಮೂರು ಬಗೆ

1. ಚಪ್ಪಟೆ ಡೈ: ಅಂಗೈಯಿಂದ ರೊಟ್ಟಿ ತಟ್ಟಿದ ಹಾಗೆ, ಕಬ್ಬಿಣ ಎಲ್ಲಾ ಕಡೆ ಹರಡುತ್ತದೆ. ಕೊನೆಗೆ ನುಣುಪು ಮಾಡಲು, ನೇರ ಮಾಡಲು ಇದು ಬೇಕು.

2. ಉಬ್ಬು ಡೈ: ಇದರ ಮುಖ ಲಟ್ಟಣಿಗೆಯ ಬೆನ್ನಿನಂತೆ ದುಂಡಗಿರುತ್ತದೆ. ಉಬ್ಬಿಗೆ ಅಡ್ಡ ದಿಕ್ಕಿಗೆ ಕಬ್ಬಿಣ ಓಡುತ್ತದೆ. ಅಲಗನ್ನು ಉಬ್ಬಿಗೆ ಅಡ್ಡ ಹಿಡಿದರೆ ಉದ್ದ ಬೆಳೆಯುತ್ತದೆ, ಉಬ್ಬಿನ ಉದ್ದಕ್ಕೆ ಹಿಡಿದರೆ ಅಗಲವಾಗುತ್ತದೆ. ಕುಡಗೋಲಿಗೆ ಉದ್ದ ಬೇಕು, ಕೊಯ್ತಾಕ್ಕೆ ಅಗಲ ಬೇಕು. ಡೈ ಒಂದೇ, ಹಿಡಿಯುವ ದಿಕ್ಕು ಬೇರೆ.

3. ಜೋಡಿ ಡೈ: ಅರ್ಧ ಉಬ್ಬು, ಅರ್ಧ ಚಪ್ಪಟೆ. ಒಂದೇ ಕಾವಿನಲ್ಲಿ ಎಳೆದು, ಪಕ್ಕಕ್ಕೆ ಸರಿಸಿ ನುಣುಪು ಮಾಡಬಹುದು. ಒಂದೇ ಜೊತೆ ಕೊಳ್ಳುವ ಶಕ್ತಿ ಇದ್ದರೆ ನನ್ನ ಸಲಹೆ ಇದೇ.

ಕೊಳ್ಳುವ ಮುಂಚೆ ನೋಡಿ

ಡೈನ ಅಂಚಿಗೆ ಹೆಬ್ಬೆರಳು ಸವರಿ. ಚೂಪಾಗಿದ್ದರೆ ಬೇಡ, ಅಂಚು 3ರಿಂದ 5 ಮಿಲಿಮೀಟರ್ ದುಂಡಾಗಿರಲಿ. ಚೂಪು ಅಂಚು ಮಾಡಿದ ಕಚ್ಚೇ ಮುಂದೆ ಬಿರುಕಾಗೋದು.

ಸ್ವಿಚ್ ತೆಗೆದು, ಚಪ್ಪಟೆ ಡೈ ಎರಡನ್ನೂ ಕೂಡಿಸಿ, ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿಯಿರಿ. ಒಂದೇ ಬದಿಯಲ್ಲಿ ಬೆಳಕು ಹಾಯ್ದರೆ ಡೈ ವಾರೆಯಾಗಿದೆ. ಅದರಲ್ಲಿ ಅಲಗು ಒಂದು ಕಡೆ ದಪ್ಪ, ಒಂದು ಕಡೆ ತೆಳು ಆಗುತ್ತದೆ.

ಸಣ್ಣ ಹ್ಯಾಮರ್‌ಗೆ ಅಗಲವಾದ ಡೈ ಹಾಕಿಸಬೇಡಿ. ಪೆಟ್ಟು ಹಂಚಿಹೋಗಿ ಮೇಲ್ಮೈ ಮಾತ್ರ ಸರಿಯುತ್ತದೆ, ಒಳಗಿನ ಕಬ್ಬಿಣ ಕದಲೋದಿಲ್ಲ. ಡೈ ಹಿಡಿದಿರುವ ಬೆಣೆ ಸಡಿಲವಾಗಿದೆಯೇ ಅಂತ ದಿನಾ ಕೆಲಸಕ್ಕೆ ಮುಂಚೆ ನೋಡಲೇಬೇಕು.

ಕಾವು, ಹದ

ಕೊಯ್ತಾಕ್ಕೆ ಲಾರಿಯ ಹಳೇ ಪಾಟಾ ಒಳ್ಳೆಯದು. ಅದು ಸ್ಪ್ರಿಂಗ್ ಉಕ್ಕು, ಸಾಮಾನ್ಯವಾಗಿ ಶೇ. 0.5ರಿಂದ 0.6ರಷ್ಟು ಇಂಗಾಲ ಇರುತ್ತದೆ. ಹಳೇ ಬಿರುಕಿದ್ದ ಪಾಟಾ ಬಿಟ್ಟುಬಿಡಿ. ಕೇಸರಿ, ಹಳದಿ ಬಣ್ಣದ ಕಾವಿನಲ್ಲಿ ಹೊಡೆಯಿರಿ. ಮಂದ ಕೆಂಪಿಗೆ ಇಳಿದರೆ ನಿಲ್ಲಿಸಿ ಮತ್ತೆ ಕಾಯಿಸಿ. ಹ್ಯಾಮರ್ ದಣಿಯೋದಿಲ್ಲ ಅಂತ ತಣ್ಣಗಾದ ಉಕ್ಕಿಗೆ ಹೊಡೆಯುತ್ತಾ ಹೋದರೆ ಅಲಗೂ ಹಾಳು, ಡೈಯೂ ಹಾಳು. ಪಾಟಾದ ಉಕ್ಕನ್ನು ನೀರಿಗಿಂತ ಎಣ್ಣೆಯಲ್ಲಿ ಅದ್ದುವುದು ಲೇಸು, ನೀರಿನಲ್ಲಿ ಸೀಳಬಹುದು. ಆಮೇಲೆ ಹದ ಇಳಿಸುವುದನ್ನು ಮರೆಯಬೇಡಿ.

ದುಡ್ಡಿನ ದಾರಿ

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಂಬಾರಿಕೆಯೂ ಇದೆ. ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ಶೇ. 5ರ ಬಡ್ಡಿಯಲ್ಲಿ ಮೊದಲ ಹಂತಕ್ಕೆ 1 ಲಕ್ಷ, ಎರಡನೇ ಹಂತಕ್ಕೆ 2 ಲಕ್ಷ ರೂಪಾಯಿವರೆಗೆ ಸಾಲ. ಅರ್ಜಿ ಹಾಕಬೇಕಾದವರು ಕಂಬಾರರೇ. ನೀವು ಅವರನ್ನು ಕರೆದುಕೊಂಡು ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋಗಿ ಫಾರಂ ತುಂಬಲು ನೆರವಾಗಿ.

ಈ ವಾರದ ಅಭ್ಯಾಸ

ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವಂಥ ಹದದ ಮಣ್ಣು ತಂದು ಪಟ್ಟಿ ಮಾಡಿ. ಒಂದನ್ನು ಹಲಗೆಯಿಂದ ಒತ್ತಿ, ಇನ್ನೊಂದನ್ನು ಲಟ್ಟಣಿಗೆ ಉರುಳಿಸದೆ ಅಡ್ಡಲಾಗಿ, ಮತ್ತೊಂದನ್ನು ಉದ್ದಕ್ಕೆ ಇಟ್ಟು ಒತ್ತಿ. ಮಣ್ಣು ಎತ್ತ ಓಡುತ್ತದೋ ಕಾದ ಉಕ್ಕೂ ಅತ್ತಲೇ ಓಡೋದು. ಆ ಮೂರು ಪಟ್ಟಿಗಳನ್ನು ನಿಮ್ಮ ಕಂಬಾರರ ಮುಂದಿಟ್ಟು, ಯಾವುದು ಬೇಕು ಅಂತ ಅವರನ್ನೇ ಕೇಳಿ. ಡೈ ಆರ್ಡರ್ ಮಾಡೋದು ಆಮೇಲೆ.